ಎಂಟು ವಿಕೆಟ್ಟಿನ ಲೆಕ್ಕ

ಗಣಿಯ ಹಾಜರಿ ಪುಸ್ತಕದಲ್ಲಿ ಅವನು ಪಂಪ್ ಖಲಾಸಿ.
ಹುಸೇನಪ್ಪ, ತಂದೆ ಮೌನಪ್ಪ, ಊರು ಗುಂತಗೋಳ,
ಗುರುತು: ಎಡಹುಬ್ಬಿನ ಮೇಲೊಂದು ಮಚ್ಚೆ.
ಪಂಪನ್ನು ಅವನು ಮುಟ್ಟಿದ್ದು ನಾನಂತೂ ಕಂಡಿಲ್ಲ.
ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತಿತ್ತು,
ಸಂಬಳ ಆ ಬಲಗೈಗೆ.

ನಾನು ಸ್ಕೋರು ಬರೆಯುವವನು,
ಟೈಮ್ ಆಫೀಸಿನ ಗುಮಾಸ್ತ.
ಆಡಲು ಬರುವುದಿಲ್ಲವೆಂದೇ ಪೆನ್ಸಿಲು ಕೊಟ್ಟಿದ್ದರು.

ಜೋಳದ ಹೊಲದ ಅಟ್ಟದ ಮೇಲೆ ನಿಂತು
ಕವಣೆ ಬೀಸುತ್ತಿದ್ದ ಹುಡುಗ.
ಹಕ್ಕಿಗೆ ಗುರಿಯಿಡುತ್ತಿರಲಿಲ್ಲವಂತೆ,
ಹಕ್ಕಿ ಕೂರಬೇಕೆಂದಿದ್ದ ತೆನೆಯ
ಪಕ್ಕದ ಗಾಳಿಗೆ ಇಡುತ್ತಿದ್ದನಂತೆ.
ನಂಬಿದ್ದು ಆಮೇಲೆ,
ಇದೇ ಗೂಟ ಎಂದು ಮೊದಲೇ ಹೇಳಿ
ನಡುವಿನದೊಂದನ್ನೇ ಕಿತ್ತು ತೋರಿಸಿದಾಗ.

ಮೊದಲ ಪಂದ್ಯದಲ್ಲಿ ಹದಿನೇಳು ನೋಬಾಲ್.
ಮೊಣಕೈ ಮಡಚುತ್ತೆ, ಇದು ಕಲ್ಲು ಎಸೆಯೋದು, ಬೌಲಿಂಗ್ ಅಲ್ಲ
ಎಂದು ರಾಯಚೂರಿನ ಅಂಪೈರು ತೋಳು ಚಾಚಿ ಚಾಚಿ ದಣಿದ.
ಇಂಜಿನಿಯರ್ ಸಾಹೇಬರು ಬೈಯಲಿಲ್ಲ.
ಆಸ್ಪತ್ರೆಯಿಂದ ಬಿದಿರ ದಬ್ಬೆ ತರಿಸಿ
ಮುರಿಯದ ಕೈಗೆ, ಮುರಿದದ್ದಕ್ಕೆ ಕಟ್ಟುವ ಹಾಗೆ, ಕಟ್ಟಿಸಿದರು.
ಮೂರು ತಿಂಗಳು ರೊಟ್ಟಿ ಎಡಗೈಯಲ್ಲಿ.
ಸೈನೈಡ್ ದಿಬ್ಬದ ಬೂದು ಮಣ್ಣಿನ ಬದಿಗೆ
ನಾರಿನ ಮ್ಯಾಟು ಹಾಸಿ, ಮೊಳೆ ಬಡಿದು,
ಬೆಳಗಿನ ಪಾಳಿಯ ಸೈರನ್ನಿಗೆ ಮುಂಚೆ ನೂರು ಚೆಂಡು.
ದಬ್ಬೆ ಬಿಚ್ಚಿದ ದಿನ ಕೈ ಬಾರುಕೋಲಿನಂತೆ ಬಂತು,
ನೆಟ್ಟಗೆ.
ಬ್ಯಾಟು ಹಿಡಿದವನಿಗೆ ಸದ್ದು ಮೊದಲು, ಚೆಂಡು ಆಮೇಲೆ.

ತಿಂಗಳಿಗೆ ನಲವತ್ತೆರಡು ರೂಪಾಯಿ.
ವಿಕೆಟ್ಟಿಗೆ ಎರಡು, ಲಕೋಟೆಯಲ್ಲಿ, ಯಾರೂ ನೋಡದಂತೆ.
"ಆಡಾಕೂ ರೊಕ್ಕ ಕೊಡ್ತಾರೇನಲೇ?"
ಅವನವ್ವ ನೋಟನ್ನು ಬಿಸಿಲಿಗೆ ಹಿಡಿದು ನೋಡಿ
ಜೋಳದ ಗುಮ್ಮಿಯ ತಳದಲ್ಲಿ ಬಚ್ಚಿಟ್ಟಳು.
ಕೊನೆಯವರೆಗೂ ಅದು ಕಳವಿನದೆಂದೇ ಅವಳ ಲೆಕ್ಕ.

ಆ ಮೇಲೆ ಗಂಜಿನ ಹತ್ತಿ ದಲಾಲರು ಹೇಳಿಕಳಿಸಿದರು.
ಗದ್ವಾಲದವರ ಮೇಲೆ ಒಂದೇ ಪಂದ್ಯ, ಇಪ್ಪತ್ತೈದು ರೂಪಾಯಿ,
ಹೆಸರು ಮಾತ್ರ ಬೇರೆ.
ಕಂಪನಿಗೆ ತಿಳಿದರೆ ಕ್ವಾರ್ಟರ್ಸೂ ಇಲ್ಲ, ಖಲಾಸಿಯೂ ಇಲ್ಲ.
ಹತ್ತಿ ಅಂಡಿಗೆಗಳ ಮೇಲೆ ಕೂತು ಇಬ್ಬರೂ ಹೋದೆವು.
ನನಗೂ ಐದು ರೂಪಾಯಿ ಇತ್ತು, ಸುಳ್ಳೇಕೆ.
ಅವತ್ತು ಅವನು ಹಾಕಿದ್ದನ್ನು ಏನೆಂದು ಹೇಳಲಿ?
ಹತ್ತೊಂಬತ್ತು ರನ್ನು, ಎಂಟು ವಿಕೆಟ್ಟು.
ನಾನು ಚೆಂದದ ಅಕ್ಷರದಲ್ಲಿ ಬರೆದೆ:
ಟಿ. ನರಸಿಂಗ್.
ಹುಟ್ಟದೆ ಇದ್ದವನೊಬ್ಬ
ಆ ಜಿಲ್ಲೆಯ ಎಲ್ಲರಿಗಿಂತ ದೊಡ್ಡ ಬೌಲರ್ ಆದ.

ಮುಂದಿನ ಕಾರ್ತೀಕದಲ್ಲಿ, ಮೂರನೇ ಓವರಿನಲ್ಲಿ,
ನೊಗದ ಮಿಣಿ ಹರಿದಂತೆ ಭುಜದೊಳಗೆ ಏನೋ ಹರಿಯಿತು.
ಗಡಿ ಗೆರೆಯಾಚೆ ಕೂತ ನನಗೂ ಕೇಳಿಸಿತೆಂದು
ಇವತ್ತಿಗೂ ಅನಿಸುತ್ತದೆ. ಕೇಳಿರಲಿಕ್ಕಿಲ್ಲ.
ಬಾಮು ತಿಕ್ಕಿದರು, ಇಟ್ಟಿಗೆ ಕಾಸಿ ಇಟ್ಟರು,
ಮುದಗಲ್ಲಿನ ಹಕೀಮರು ಎಣ್ಣೆ ಕೊಟ್ಟರು.
ಹೊಸ ಸಾಹೇಬರು ಬಂದು ಹಾಜರಿ ಪುಸ್ತಕ ತೆರೆದು
ಖಲಾಸಿ ತಾನೆ, ಪಂಪಿಗೆ ಹೋಗಲಿ, ಎಂದರು.
ಆರು ವರ್ಷದ ನೌಕರಿಯಲ್ಲಿ
ಪಂಪು ಎಲ್ಲಿದೆ ಎಂದು ಅವನು ಕೇಳಿದ್ದು ಅವತ್ತೇ.

ಕೊನೆಗೆ ಶಾಫ್ಟಿನ ಬಾಯಿಯಲ್ಲಿ ಗಂಟೆಯ ಕೆಲಸ.
ಮೂರು ಹೊಡೆದರೆ ಮನುಷ್ಯರು, ಒಂದು ಹೊಡೆದರೆ ನಿಲ್ಲು.
ಎಡಗೈಯಲ್ಲೇ ಹಗ್ಗ ಎಳೆಯುತ್ತಿದ್ದ,
ಇಪ್ಪತ್ತಾರು ವರ್ಷ.
ಒಂದು ಸಲವೂ ಲೆಕ್ಕ ತಪ್ಪಲಿಲ್ಲ.

ರಿಟೈರಾದ ಮೇಲೆ ಸ್ಕೋರುಬುಕ್ಕು ಹಿಡಿದು ಹೋದೆ.
ಗೆದ್ದಲು ಅರ್ಧ ತಿಂದಿತ್ತು; ಆ ಪುಟ ಉಳಿದಿತ್ತು.
ಹೆಸರು ತಿದ್ದುತ್ತೇನೆ ಹುಸೇನಪ್ಪ, ಎಂದೆ,
ಇನ್ನು ಯಾರಿಗೆ ಹೆದರಬೇಕು.
ಅವನು ಆ ಅಕ್ಷರಗಳನ್ನು ಬೆರಳಿನಿಂದ ಸವರಿದ.
"ಇರ್ಲಿ ಬಿಡ್ರಿ ಗುಮಾಸ್ತರ.
ಅವಗ ಭುಜ ನೋಯಂಗಿಲ್ಲ."

ಸೇಂಗಾ ಒಡೆಯುತ್ತ ಕೂತೆವು.
ಎಡಗೈಯಿಂದ ಒಂದು ಸಿಪ್ಪೆಯನ್ನು ಬಾಗಿಲ ಚಿಲಕಕ್ಕೆ ಬೀಸಿದ.
ತಾಗಲಿಲ್ಲ.
ನಾನು ಬರೆದುಕೊಳ್ಳಲಿಲ್ಲ.